ಹೊಸಾ ಮನಿಗೆ ಹೋಗೂ ಮೊದ್ಲ ಏನು ಮಾಡಿಸಬೇಕು, ಏನು ಆಮ್ಯಾಲೆ: ಪುಣೇದಾಗ ಒಂದು ಹಳೇ ಫ್ಲಾಟು, ಒಂದು ಹೊಸಾ ಫ್ಲಾಟು

ನಮ್ಮ ಮನಿತನದಾಗ ಒಂದ ವರ್ಷದೊಳಗ ಎರಡು ಮನಿ ಆದ್ವು. ನಾವು ಧನಕವಡಿಯೊಳಗ 17 ವರ್ಷದ ಹಳೇ ರಿಸೇಲ್ ಟೂ ಬಿಎಚ್‌ಕೆ ತಗೊಂಡ್ವಿ, ಮೂರು ತಿಂಗಳಾದ ಮ್ಯಾಲೆ ನನ್ನ ತಮ್ಮ ರಾವೇತದಾಗ ಬಿಲ್ಡರ್ ಕಡಿಂದ ಹೊಸಾ ಫ್ಲಾಟಿನ ಪಝೇಷನ್ ತಗೊಂಡ, 11ನೇ ಮಜಲಾ. ಅವನ ಮನಿ ಕೆಲ್ಸ ಇಂಟೀರಿಯರ್ ಕಂಪನೀಗೆ ಕೊಟ್ಟಿದ್ದು, ನಮ್ದು ಗವಂಡಿ (ಗಾರೆ ಕೆಲಸದವ), ಸುತಾರ (ಬಡಗಿ), ಪ್ಲಂಬರ್ ಅಂತ ಒಬ್ಬೊಬ್ಬರನ್ನ ಹಿಡದು ಮಾಡಿಸಿದ್ದು. ಈಗ ಯಾರ ಲಗ್ನಕ್ಕ ಹೋದ್ರೂ, ಕನ್ನಡ ಸಂಘದ ಕಾರ್ಯಕ್ರಮಕ್ಕ ಹೋದ್ರೂ ಒಬ್ರಲ್ಲ ಒಬ್ರು ಬಂದು ಅಕ್ಕಾ ನಾವೂ ಮನಿ ತಗೊಂಡೇವಿ, ಫರಸಿ (ನೆಲದ ಹಾಸು) ಒಡಸೂದೋ ಬ್ಯಾಡೋ, ಅಡಗಿಮನಿ ಟ್ರಾಲಿ ಎಲ್ಲೆ ಮಾಡಿಸಿದ್ರಿ, ಕಂಪನೀಗೆ ಕೊಡೋಣೋ ಮಿಸ್ತ್ರೀಗೆ ಕೊಡೋಣೋ ಅಂತ ಕೇಳ್ತಾರ, ನಿಂತ ಕಾಲಮ್ಯಾಲೆ ಹೇಳಿದ್ರ ಅರ್ಧಾ ಬಿಟ್ಟಹೋಗ್ತೈತಿ, ಅದಕ್ಕ ಎರಡೂ ಮನಿ ಕೆಲ್ಸ ಎದುರಾಬದುರಾ ಇಟ್ಟು ಬರೀಲಿಕ್ಕೆ ಕುಂತೀನಿ.

ನನ್ನ ಮಾತು ಇಷ್ಟ. ಗ್ವಾಡಿ ಒಳಗ ಮತ್ತ ಫರಸಿ ಕೆಳಗ ಹೋಗೂ ಕೆಲ್ಸಕ್ಕ, ಅಂದ್ರ ಪೈಪು, ವಾಯರು, ವಾಟರ್‌ಪ್ರೂಫಿಂಗಿಗೆ, ಸಾಮಾನು ಒಯ್ಯೂ ಮೊದ್ಲ ರೊಕ್ಕ ಹಾಕ್ರಿ. ಸ್ಕ್ರೂ ಹೊಡದು ನಿಲ್ಲಸೂವು, ಕಪಾಟು, ಟಿವಿ ಯುನಿಟ್ಟು, ಶೋಕೇಸು, ಅವೆಲ್ಲಾ ಆರು ತಿಂಗಳು ತಡ ಆದ್ರೂ ಮನಿ ನಡೀತೈತಿ. ಭಾಳ ಮಂದಿ ಉಲ್ಟಾ ಮಾಡ್ತಾರ, ಯಾಕಂದ್ರ ಬಂದವರಿಗೆ ಕಪಾಟು ಕಾಣ್ತೈತಿ, ಪೈಪು ಕಾಣೂದಿಲ್ಲ.

ಎಲ್ಲಾ ಮುಗಿಸಿ ಹೋಗೂದೋ, ಹೋಗಿ ಮಾಡಿಸೂದೋ

ಮೊದಲನೇ ಜಗಳ ಇಲ್ಲೇ ಬರ್ತೈತಿ, ಯಾಕಂದ್ರ ಬಾಡಿಗಿನೂ ಕಟ್ಟಬೇಕು ಬ್ಯಾಂಕಿನ ಹಪ್ತೆನೂ ಕಟ್ಟಬೇಕು. ನಾವು ಬಿಬವೇವಾಡಿಯೊಳಗ ತಿಂಗಳಿಗೆ 19,000 ಬಾಡಿಗಿ ಕೊಡ್ತಿದ್ವಿ, ಕೆಲ್ಸ ಒಂದು ತಿಂಗಳು ಮುಂದ ಹೋತಂದ್ರ ಅಷ್ಟು ರೊಕ್ಕ ಹೋತು. ಮನಿಯವರು ಅಂದ್ರು, ಬಣ್ಣಾ ಹೊಡಸಿ ಹೋಗಿಬಿಡೋಣು, ಅಲ್ಲೆ ಇದ್ಕೊಂಡ ಒಂದೊಂದ ಖೋಲಿ ಮಾಡಿಸೋಣು. ನಾ ಒಪ್ಪಲಿಲ್ಲ, ಅತ್ತಿಯವರಿಗೆ ದಮ್ಮಿನ ತ್ರಾಸ ಐತಿ, ಮಗಳು ಆರು ವರ್ಷದಾಕಿ. ಟೈಲ್ಸ್ ಕೊಯ್ಯೂವಾಗ, ಗ್ವಾಡಿ ಝಿರಿ ಹೊಡಿಯೂವಾಗ (ವಾಯರು, ಪೈಪಿನ ಸಲುವಾಗಿ ಗ್ವಾಡಿ ಕೊರಿಯೂವಾಗ) ಬರೂ ಧೂಳು ನಮ್ಮ ಕಸದ ಧೂಳಿನಂಗ ಅಲ್ರೀ, ಅದರಾಗ ಸಿಲಿಕಾ ಇರ್ತೈತಿ, ಸಣ್ಣ ಹಿಟ್ಟಿನಂಗ ಪುಪ್ಪುಸದ ಒಳಗ ಹೋಗಿ ಕೂಡ್ತೈತಿ, ಬಾಗಲಿಗೆ ಸೀರಿ ಕಟ್ಟಿದ್ರ ಅದು ನಿಲ್ಲೂದಿಲ್ಲ. ಅದರ ಮ್ಯಾಲೆ ನೀರು ಬಂದ್, ಸಂಡಾಸ ಬಂದ್, ಅಡಗಿ ಹಾಲಿನ್ಯಾಗ.

ಹಿಂಗಾಗಿ ನಡುವಿನ ದಾರಿ ಹಿಡದ್ವಿ. ಒಡಿಯೂ ಕೆಲ್ಸ, ನೀರಿನ ಕೆಲ್ಸ, ವಾಯರಿಂಗು, ಅಡಗಿಮನಿ ಕಟ್ಟಿ, ಬಣ್ಣಾ, ಇವಿಷ್ಟು ಮುಗಿಸಿ ಹಾಲು ಉಕ್ಕಿಸಿದ್ವಿ, ಕಪಾಟೊಂದೂ ಇರಲಿಲ್ಲ, ಅರಬಿ ಎಲ್ಲಾ ಹಳೇ ಗೋದ್ರೇಜ್ ಕಪಾಟಿನ್ಯಾಗ ಮತ್ತ ಟ್ರಂಕಿನ್ಯಾಗ. ತಮ್ಮ ಹಂಗ ಮಾಡ್ಲಿಲ್ಲ, ಒಂದ ಸಲ ಎಲ್ಲಾ ಮುಗಿಸೇ ಹೋಗ್ತೀನಿ ಅಂದ, ಕಂಪನಿಯವರು 45 ದಿನ ಅಂದಿದ್ರು, 4 ತಿಂಗಳು ಹಿಡೀತು, ಬಾಡಿಗಿ ಹಪ್ತೆ ಎರಡೂ ಕಟ್ಟಿಗೋತ ಕುಂತ.

ದಿನದ ಲೆಕ್ಕ ಹಾಕೂವಾಗ ಒಂದು ಮಾತು ಎಲ್ಲಾರೂ ಮರೀತಾರ. ಸೊಸೈಟಿಯೊಳಗ ಒಡಿಯೂ ಕೆಲ್ಸಕ್ಕ ಟೈಮ್ ಇರ್ತೈತಿ, ನಮ್ಮಲ್ಲೆ ಮುಂಜಾನೆ 10ರಿಂದ ಸಂಜಿ 6, ನಡುವ 2ರಿಂದ 4 ಆವಾಜ ಮಾಡೂ ಹಂಗಿಲ್ಲ, ರವಿವಾರ ಪೂರ್ತಿ ಬಂದ್. ಮಿಸ್ತ್ರಿ 30 ದಿನ ಅಂದ್ರ ಕ್ಯಾಲೆಂಡರಿನ್ಯಾಗ 50 ದಿನ ಹಿಡೀರಿ. ಮತ್ತ ಹೋಳಿ ಬಂದ್ರ ರಾಜಸ್ಥಾನದ ಸುತಾರರು ಊರಿಗೆ, ದೀಪಾವಳಿ ಮುಗದು ಛಠ್ ಬಂದ್ರ ಬಿಹಾರ, ಯುಪಿ ಕಡಿ ಪೇಂಟರ್ ಹುಡುಗರು ಊರಿಗೆ, ಹೋದವರು ಯಾವಾಗ ಬರ್ತಾರ ಅವರಿಗೂ ಗೊತ್ತಿರೂದಿಲ್ಲ. ಮಳಿಗಾಲದಾಗ, ಜೂನ್‌ದಿಂದ ಸಪ್ಟೆಂಬರ್ ತನಕ, ಕಟಗಿ ಪಾಲಿಶ್ ಮಾತ್ರ ಮಾಡಿಸಬ್ಯಾಡ್ರಿ, ಹವಾದಾಗಿನ ನೀರಿಗೆ ಪಾಲಿಶ್ ಬೆಳ್ಳಗ ಮಂಜಿನಂಗ ಆಗ್ತೈತಿ, ಪುಟ್ಟಿ ಒಣಗೂದಿಲ್ಲ, ಒಣಗೂ ಮೊದ್ಲ ಬಣ್ಣಾ ಹೊಡದ್ರ ಮುಂದಿನ ವರ್ಷ ಪಕಳಿ ಪಕಳಿ ಉದುರ್ತೈತಿ. ಆದ್ರ ಪ್ಲಂಬಿಂಗು, ವಾಯರಿಂಗು ಮಳಿಗಾಲದಾಗೂ ನಡೀತಾವ, ಇನ್ನೊಂದು ಲಾಭ ಅಂದ್ರ ಗ್ವಾಡಿ ಎಲ್ಲೆಲ್ಲೆ ಒಸರ್ತೈತಿ ಅನ್ನೂದು ಜುಲೈದಾಗ ಕಣ್ಣಿಗೆ ಕಾಣ್ತೈತಿ. ಹಳೇ ಮನಿ ನೋಡಾಕ ಹೋಗೂದಿದ್ರ ಮಳ್ಯಾಗ ಹೋಗ್ರಿ.

ಹೊಸಾ ಫ್ಲಾಟಿನ ಕೆಲ್ಸ ಬ್ಯಾರೆ, ಹಳೇದರದು ಬ್ಯಾರೆ

ತಮ್ಮನ ಹೆಂಡತಿಗೆ ಬಾಥ್‌ರೂಮಿನ ಟೈಲ್ಸ್ ಬಣ್ಣಾ ಸೇರಲಿಲ್ಲ, ಒಡಸಿ ಬ್ಯಾರೆ ಹಾಕಸ್ತೀನಿ ಅಂದ್ಳು. ನಾನ ತಡದೆ. ರೇರಾ ಅಂದ್ರ ಬಿಲ್ಡರ್ ಕಡಿಂದ ಮನಿ ತಗೊಳ್ಳೂವವರ ಹಿತಾ ಕಾಯೂ ಕಾಯ್ದೆ, ಅದರಾಗ 14ನೇ ಕಲಮಿನ್ಯಾಗ ಐತಿ, ಪಝೇಷನ್ ಕೊಟ್ಟ ದಿನದಿಂದ 5 ವರ್ಷದೊಳಗ ಕಟ್ಟಡದ ರಚನಾ, ಕೆಲಸದ ಗುಣಮಟ್ಟದಾಗ ದೋಷ ಕಂಡ್ರ ನಾವು ತಿಳಿಸಿದ 30 ದಿನದಾಗ ಬಿಲ್ಡರ್ ಫುಕಟ ರಿಪೇರಿ ಮಾಡಿಕೊಡಬೇಕು. ಬಾಥ್‌ರೂಮ್ ನೀವ ಒಡದು ವಾಟರ್‌ಪ್ರೂಫಿಂಗ್ ಕೆಡಿಸಿದ್ರ ನಾಳೆ ಸೋರಿದಾಗ ಅವರು ನೀವ ಒಡದೀರಿ ಅಂತ ಕೈ ತೊಳಕೋತಾರ, ಆಮ್ಯಾಲೆ ಅದನ್ನ ಸಾಬೀತ ಮಾಡೂದು ಭಾಳ ಕಷ್ಟ. ಹೊಸಾ ಫ್ಲಾಟಿನ ಬಾಥ್‌ರೂಮು 5 ವರ್ಷ ಮುಟ್ಟಬ್ಯಾಡ್ರಿ, ಬಣ್ಣಾ ಸೇರದಿದ್ರೂ ಅಡ್ಡಿಯಿಲ್ಲ.

ಇನ್ನೊಂದು ಮಾತು, ಈಗಿನ ಎತ್ತರದ ಬಿಲ್ಡಿಂಗು ಭಾಳಷ್ಟು ಮಿವಾನ್ ಅದಾವ. ಅಂದ್ರ ಅಲ್ಯುಮಿನಿಯಂ ಶಟರಿಂಗ್ ಕಟ್ಟಿ ಗ್ವಾಡಿ, ಸ್ಲ್ಯಾಬು ಎರಡೂ ಕೂಡೇ ಕಾಂಕ್ರೀಟ್ ಹಾಕಿರ್ತಾರ, ಇಟ್ಟಂಗಿನ ಇರೂದಿಲ್ಲ, ಗ್ವಾಡೀನ ಭಾರ ಹೊರ್ತೈತಿ. ಅಲ್ಲೆ ಓಪನ್ ಕಿಚನ್ ಅಂತ ಗ್ವಾಡಿ ಕೆಡವೂ ಮಾತ ಇಲ್ಲ, ವಾಯರ್ ಸಲುವಾಗಿ ಝಿರಿ ಹೊಡಿಯೂದೂ ಅಪಾಯ, ಒಳಗಿನ ಕಬ್ಬಿಣದ ಸಳಿ ಕೊಯ್ದ್ರ ಮುಗೀತು. ನಿಮ್ದು ಮಿವಾನ್ ಹೌದೋ ಅಲ್ಲೋ ಅನ್ನೂದು ಪಝೇಷನ್ ತಗೊಳ್ಳೂವಾಗ ಬರಹದಾಗ ಕೇಳ್ರಿ. ನಮ್ಮ ಹಳೇ ಬಿಲ್ಡಿಂಗು ಕಾಲಂ, ಬೀಮ್, ನಡುವ ಇಟ್ಟಂಗಿ ಗ್ವಾಡಿ, ಅಲ್ಲೆ ಝಿರಿ ಹೊಡಿಯೂದು ಸರಳ. ಗ್ವಾಡಿ ತೆಗೆಯೂದಿದ್ರ ಅಲ್ಲೇನೂ ಸ್ಟ್ರಕ್ಚರಲ್ ಇಂಜಿನಿಯರ್ ನೋಡಬೇಕು, ಸೊಸೈಟಿದು, ಕಾರ್ಪೊರೇಷನ್ನಿಂದು ಪರವಾನಗಿ ಬೇಕು, ಗವಂಡಿ ಕುಛ್ ನಹೀ ಹೋತಾ ಅಂದ ಅಂತ ಹೊಡಸಬ್ಯಾಡ್ರಿ, ಕೆಳಗ ಮ್ಯಾಲೆ ಮಂದಿ ಇರ್ತಾರ.

ಹೊಸಾದು ತಗೊಂಡವರು ಕೀಲಿ ತಗೊಳ್ಳೂ ಮೊದ್ಲ ಒಂದು ಪೂರ್ತಿ ದಿನಾ ಮನ್ಯಾಗ ಅಡ್ಡಾಡ್ರಿ. ನಾಣ್ಯಾ ತಗೊಂಡು ಒಂದೊಂದ ಟೈಲ್ಸ್ ಬಡದು ನೋಡ್ರಿ, ಪೊಳ್ಳ ಆವಾಜ ಬಂದದ್ದಕ್ಕ ಚಾಕ್‌ಪೀಸಿನಿಂದ ಗುರ್ತು ಹಾಕ್ರಿ. ಬಾಲ್ಕನಿ, ಬಾಥ್‌ರೂಮಿಗೆ ಬಕೀಟಲೆ ನೀರು ಸುರವಿ ಅದು ಹೊರಗ ಹೋಗೂ ತೂತಿನ ಝಾಳಿ ಕಡಿ ಹೋಗ್ತೈತೋ ಬಾಗಲ ಕಡಿ ಬರ್ತೈತೋ ನೋಡ್ರಿ. ಎಲ್ಲಾ ಸ್ವಿಚ್ಚು, ಎಲ್ಲಾ ನಳಾ, ಎಲ್ಲಾ ಕಿಡಕಿ. ಬರೆದು ಕೊಡ್ರಿ, ಬಾಯಿಮಾತು ಬ್ಯಾಡ. ತಮ್ಮ 38 ತಪ್ಪು ಬರೆದು ಕೊಟ್ಟ, 30 ಚಿಲ್ಲರ ಸರಿ ಮಾಡಿಕೊಟ್ರು.

ಬಾಥ್‌ರೂಮು: ಟೈಲ್ಸ್ ಮ್ಯಾಲೆ ಟೈಲ್ಸೋ, ಒಡದು ಮಾಡೂದೋ

ಇದನ್ನ ಭಾಳ ಬರೀಬೇಕು, ಯಾಕಂದ್ರ ನಮ್ಮ ಮನ್ಯಾಗ ಎರಡೂ ನಮೂನಿ ಆಗ್ಯಾವ. ಬೆಡ್‌ರೂಮಿನ ಬಾಥ್‌ರೂಮು ಪೂರ್ತಿ ಒಡಸಿದ್ವಿ. ಹೊರಗಿನದಕ್ಕ ಬಂದಾಗ ಕಾಂಟ್ರ್ಯಾಕ್ಟರ್ ಹೇಳಿದ, ಇದು ಸೋರಾಕ ಹತ್ತಿಲ್ಲ, ಒಡಿಯೂದು ಯಾಕ, ಅಡೆಸಿವ್ ಹಾಕಿ ಹಳೇ ಟೈಲ್ಸ್ ಮ್ಯಾಲೇ ಹೊಸಾದು ಕೂಡಸ್ತೀನಿ, 4 ದಿನದ ಕೆಲ್ಸ, ರಾಡಾರೋಡಾ (ಒಡದ ಚೂರು, ಕಸ) ಇಲ್ಲ, ಸೊಸೈಟಿ ಕಿರಿಕಿರಿ ಇಲ್ಲ. ರೊಕ್ಕಾನೂ ಅರ್ಧಾ ಉಳೀತಿತ್ತು. ನಾವು ಹೂಂ ಅಂದ್ವಿ.

5 ತಿಂಗಳಿಗೆ ಕೆಳಗಿನ ಮನಿ ಕಾಕೂ ಬಂದ್ರು, ಅವರ ಬಾಥ್‌ರೂಮಿನ ಛತ್ತು ಹಸಿ ಆಗಿತ್ತು. ಹೋಗಿ ನೋಡಿದ್ರ ಅಲ್ಲೆ ಮೊದ್ಲೂ ಒಮ್ಮೆ ಪುಟ್ಟಿ ಬಳದು ಮುಚ್ಚಿದ್ದ ಕಲಿ ಇತ್ತು, ಅಂದ್ರ ಹಳೇ ಮಾಲೀಕರ ಕಾಲದಿಂದಲೂ ಒಸರತಿತ್ತು. ನಾವು ತಗೊಳ್ಳೂ ಮೊದ್ಲ ಕೆಳಗಿನ ಮನಿಗೆ ಹೋಗಿ ಮ್ಯಾಲೆ ತಲಿ ಎತ್ತಿ ನೋಡಿದ್ರ 5 ನಿಮಿಷದ ಕೆಲ್ಸ ಇತ್ತು. ಮುಂದ ಏನಾತು, ಹೊಸಾ ಟೈಲ್ಸೂ ಒಡದ್ವಿ ಹಳೇ ಟೈಲ್ಸೂ ಒಡದ್ವಿ, ಮನ್ಯಾಗ ಮಂದಿ ಇದ್ಕೋತ 16 ದಿನ ಒಂದ ಬಾಥ್‌ರೂಮಿನ್ಯಾಗ ಆರು ಜನ, ಅತ್ತಿಯವರು ಧೂಳಿಗೆ ಹೆದರಿ ನಮ್ಮ ನಾದಿನಿ ಮನಿಗೆ ಹೋದ್ರು.

ಒಡದಾಗ ಕಾರಣ ಕಂಡಿತು. ನೀರು ಟೈಲ್ಸಿನ ನಡುವಿಂದ ಅಲ್ಲ, ನಹಾಣಿ ಟ್ರ್ಯಾಪಿನ (ಝಾಳಿ ಕೆಳಗಿನ ಬಟ್ಟಲದ) ಸುತ್ತಲಿಂದ ಹೋಗ್ತಿತ್ತು, ಪೈಪು ಕಾಂಕ್ರೀಟಿನ್ಯಾಗ ಹೋಗೂ ಜಾಗಾದಾಗ ಸಂದ ಬಿದ್ದಿತ್ತು. ಮ್ಯಾಲೆ ಎಷ್ಟು ಚಂದನ ಟೈಲ್ಸ್ ಕೂಡಸಿದ್ರೂ ಅದಕ್ಕ ಸಂಬಂಧ ಇಲ್ಲ. ಟೈಲ್ಸ್ ಅನ್ನೂದು ಅರಬಿ ಇದ್ದಂಗ, ನೀರು ತಡಿಯೂದು ಅದರ ಕೆಳಗಿನ ಪದರ. ಪುಣೇ ಕಡಿ ಬಾಥ್‌ರೂಮಿನ ಸ್ಲ್ಯಾಬು ತಗ್ಗ ಇಟ್ಟಿರ್ತಾರ, ಅದರಾಗ ಇಟ್ಟಂಗಿ ಚೂರು, ಸಿಮೆಂಟು ಹಾಕಿ ಕೋಬಾ ಮಾಡಿ ಮ್ಯಾಲೆ ಫರಸಿ, ಕೋಬಾ ಬಿರಿತು ಅಂದ್ರ ನೀರು ಆ ಇಟ್ಟಂಗಿ ಚೂರಿನ್ಯಾಗ ಸ್ಪಂಜಿನಂಗ ನಿಂತು ಸಾವಕಾಶ ಕೆಳಗ ಇಳೀತೈತಿ. ಅದಕ್ಕ ಸೋರಿದ್ದು ತಿಳಿಯೂದರಾಗ ತಿಂಗಳಗಟ್ಟಲೆ ಹೋಗ್ತೈತಿ.

ಹಂಗಂತ ಟೈಲ್ಸ್ ಮ್ಯಾಲೆ ಟೈಲ್ಸ್ ಎಲ್ಲಾ ಕಡೆನೂ ಖರಾಬ ಅಂತ ನಾ ಹೇಳಂಗಿಲ್ಲ. ಅಡಗಿಮನಿ ಗ್ವಾಡಿಗೆ ಹಾಕ್ರಿ, ಹಾಲಿಗೆ ಬೇಕಂದ್ರ ಹಾಕ್ರಿ, ಅಲ್ಲೆ ನೀರಿನ ಪ್ರಶ್ನಿ ಇಲ್ಲ. ಆದ್ರ ಹಳೇ ಟೈಲ್ಸ್ ಒಂದೂ ಪೊಳ್ಳ ಇರಬಾರದು, ಮತ್ತ ನೆಲ ಒಂದರ್ಧ ಇಂಚು ಏರ್ತೈತಿ, ಬಾಗಲಾ ಎಲ್ಲಾ ಕೆಳಗ ಕೊಯ್ಸಬೇಕು. ಬಾಥ್‌ರೂಮಿನ್ಯಾಗ ಅದ ಅರ್ಧ ಇಂಚು ಏರಿದ್ರ ಹೊಸ್ತಲಾ ತಗ್ಗ ಆಗಿ ನೀರು ಖೋಲಿಗೆ ಬರ್ತೈತಿ. 10 ವರ್ಷಕ್ಕಿಂತ ಹಳೇ ಬಾಥ್‌ರೂಮು, ಕೆಳಗ ಇನ್ನೊಬ್ರ ಮನಿ, ಅಂದ್ರ ಒಡದ ಮಾಡ್ರಿ. ಸಾಮಾನು ಬರೂ ಮೊದ್ಲ ಮಾಡ್ರಿ. ಇದರಾಗ ಉಳಿಸಿದ ರೊಕ್ಕ ಉಳಿಯೂದಿಲ್ಲ.

ಒಡಸಿದ ಮ್ಯಾಲೆ ಪಾಂಡಿಂಗ್ ಟೆಸ್ಟ್ ಬಿಡಬ್ಯಾಡ್ರಿ. ವಾಟರ್‌ಪ್ರೂಫಿಂಗ್ ಕೋಟಿಂಗ್ ಒಣಗಿದ ಮ್ಯಾಲೆ, ಟೈಲ್ಸ್ ಹಾಕೂ ಮೊದ್ಲ, ಝಾಳಿ ಮುಚ್ಚಿ ನೀರು ನಿಲ್ಲಸಬೇಕು, ಗ್ವಾಡಿ ಮ್ಯಾಲೆ ಪೆನ್ಸಿಲ್‌ಲೇ ಗೆರಿ ಹಾಕಬೇಕು, 48 ತಾಸು ಬಿಡಬೇಕು, ಕೆಳಗಿನ ಮನಿಗೆ ಹೋಗಿ ಛತ್ತು ನೋಡಿ ಬರಬೇಕು. ಮಿಸ್ತ್ರಿಗೆ ಇದು ಎರಡು ದಿನಾ ಕೆಲ್ಸ ಬಂದ್, ಅದಕ್ಕ ಅವ ಜರೂರತ್ ನಹೀ ಅಂತಾನ. ಕಾಂಟ್ರ್ಯಾಕ್ಟಿನ ಕಾಗದದಾಗ ಮೊದ್ಲ ಬರಸಿಕೊಳ್ರಿ, ಟೆಸ್ಟ್ ಆಗೂ ತನಕ ಮುಂದಿನ ಕಂತು ಇಲ್ಲ ಅಂತ. ಪೈಪಿಗೂ ಹಂಗ, ಗ್ವಾಡಿ ಮುಚ್ಚೂ ಮೊದ್ಲ ಪ್ರೆಶರ್ ಹಾಕಿ ರಾತ್ರಿ ಬಿಡಸ್ರಿ. ನಮ್ಮಲ್ಲೆ ಒಳಗಿನ ಜಿಐ (ಕಬ್ಬಿಣದ) ಪೈಪು ತುಕ್ಕ ಹಿಡದು ಒಳಗ ಪೆನ್ಸಿಲ್ ಹೋಗೂ ಅಷ್ಟ ತೂತು ಉಳದಿತ್ತು, ಎಲ್ಲಾ ತಗಸಿ ಸಿಪಿವಿಸಿ ಅನ್ನೂ ಪ್ಲಾಸ್ಟಿಕ್ ಪೈಪು ಹಾಕಿಸಿದ್ವಿ, ಗೀಸರಿನ ಬಿಸಿನೀರಿಗೆ ಅದ ಬೇಕು, ಸಾದಾ ಯುಪಿವಿಸಿ ತಣ್ಣೀರಿಗೆ ಮಾತ್ರ.

ಕಪ್ಪು ನಳ, ಬಂಗಾರ ಬಣ್ಣದ ನಳ ಈಗ ಭಾಳ ನಡದಾವ. ನಿಮ್ಮಲ್ಲೆ ಬೋರ್ ನೀರು, ಟ್ಯಾಂಕರ್ ನೀರು ಬರ್ತಿದ್ರ ಸಾದಾ ಕ್ರೋಮ್ ತಗೋರಿ. ತಮ್ಮನಲ್ಲೆ ಟ್ಯಾಂಕರ್ ನೀರು, ಕಪ್ಪು ನಳದ ಮ್ಯಾಲೆ ಎರಡು ತಿಂಗಳಿಗೆ ಸುಣ್ಣದ ಬೆಳ್ಳನ ಕಲಿ, ತಿಕ್ಕಿದ್ರ ಬಣ್ಣಾ ಹೋಗ್ತೈತಿ, ಬಿಟ್ರ ಕಲಿ ಕಾಣ್ತೈತಿ.

ಫರಸಿ

ಇದನ್ನ ಸಣ್ಣದಾಗಿ ಮುಗಿಸ್ತೀನಿ. ಹಳೇ 2 ಬೈ 2 ಫೂಟಿನ ವಿಟ್ರಿಫೈಡ್ ಟೈಲ್ಸ್ ಗಟ್ಟಿ ಇದ್ರ, ಬರೇ ಸಂದು ಕರ್ರಗ ಆಗಿದ್ರ, ಸಂದು ಕೆರದು ಎಪಾಕ್ಸಿ ಗ್ರೌಟ್ ತುಂಬಿಸ್ರಿ, ಅರ್ಧಕ್ಕರ್ಧ ಹೊಸಾದು ಕಾಣ್ತೈತಿ, ನಾವು ಹಾಲಿನ್ಯಾಗ ಹಂಗ ಮಾಡಿದ್ವಿ. ಹೊಸಾದು ಹಾಕಸೂದ ಆದ್ರ ದುಕಾನಿನ್ಯಾಗ 2 ಬೈ 4 ತೋರಸ್ತಾರ, ಚಂದ ಕಾಣ್ತೈತಿ ಖರೆ, ಆದ್ರ 10 ಬೈ 10 ಖೋಲಿಯೊಳಗ ತುಂಡು ಭಾಳ ಬೀಳ್ತಾವ, ಉದ್ದನ ಟೈಲ್ಸು ನಡುವ ಸ್ವಲ್ಪ ಬಾಗಿರ್ತಾವ, ಗವಂಡಿ ಕೈ ಚಲೋ ಇರದಿದ್ರ ಅಂಚು ಕಾಲಿಗೆ ಹತ್ತತಾವ. ಸಣ್ಣ ಮನಿಗೆ 2 ಬೈ 2 ಸಾಕು. ಭಾಳಷ್ಟು ಮಾಲು ಮೋರ್ಬಿಯಿಂದ ಬರ್ತೈತಿ, ಒಂದ ಡಿಸೈನಿಂದು ಬ್ಯಾಚ್ ಬದಲಾದ್ರ ಬಣ್ಣದಾಗ ಫರಕ ಬರ್ತೈತಿ, ಅದಕ್ಕ ಎಲ್ಲಾ ಡಬ್ಬಿ ಮ್ಯಾಲಿನ ಬ್ಯಾಚ್ ನಂಬರ್ ಒಂದ ಐತೋ ಇಲ್ಲೋ ತಾಳೆ ನೋಡ್ರಿ, ಎರಡು ಡಬ್ಬಿ ಹೆಚ್ಚಿಗಿ ತಂದು ಮಾಳಾದ ಮ್ಯಾಲೆ ಇಟ್ಟುಬಿಡ್ರಿ.

ಭಾಂಡಿ ತಿಕ್ಕೂ ಡ್ರೈ ಬಾಲ್ಕನಿಗೆ ನಾವು ಶಹಾಬಾದ ಫರಸಿನ ಇಟ್ಟೀವಿ, ಕಲಬುರ್ಗಿ ಕಡಿಂದ ಬಂದ ಕಲ್ಲು, ಹಸಿ ಇದ್ರೂ ಕಾಲು ಜಾರೂದಿಲ್ಲ. ಅದು ಸುಣ್ಣಕಲ್ಲು, ಆಸಿಡ್ ಹಾಕಿ ತೊಳೀಬ್ಯಾಡ್ರಿ ಇಷ್ಟ.

ಅಡಗಿಮನಿ: ಕಡಪಾ ಇಡೂದೋ, ಪೂರ್ತಿ ಮಾಡ್ಯುಲರ್ ಮಾಡೂದೋ

ಪುಣೇದ ಹಳೇ ಮನಿಗೋಳೊಳಗ ಕಟ್ಟಿ ಕೆಳಗ ಕಡಪಾ ಕಲ್ಲಿನ ಖಣ ಇರ್ತಾವ. ಇಂಟೀರಿಯರ್‌ದವರು ಬಂದವರ ಮೊದ್ಲ ಇದನ್ನ ಒಡೀರಿ ಅಂತಾರ, ಪೂರ್ತಿ ಮಾಡ್ಯುಲರ್ ಮಾಡಿದ್ರ ಜಾಗಾ ಹೆಚ್ಚಿಗಿ ಸಿಗ್ತೈತಿ ಅಂತಾರ. ಜಾಗಾ ಸ್ವಲ್ಪ ಹೆಚ್ಚ ಸಿಗೂದು ಖರೆ, ಕಲ್ಲು ದಪ್ಪ ಇರ್ತೈತಿ. ಆದ್ರ ಕಡಪಾಕ್ಕ ಗೆದ್ದಲಿ ಇಲ್ಲ, ಸಿಂಕ್ ಸೋರಿದ್ರ ಉಬ್ಬೂದಿಲ್ಲ, ಝುರಳಿ ಹೊಕ್ಕಂಡ ಕೂಡಾಕ ಸಂದು ಕಡಿಮಿ. ಕಲ್ಲು ಗಟ್ಟಿ ಇದ್ರ ಇಟ್ಟಗೊಂಡು, ಖಣದ ಅಳತಿಗೆ ಸ್ಟೀಲ್ ಟ್ರಾಲಿ, ಮ್ಯಾಲೆ ಬರೇ ಪಲ್ಲೆ (ಖಣದ ಬಾಗಲಾ) ಮಾಡಿಸ್ರಿ. ನಾವು ಹಂಗ ಮಾಡಿದ್ವಿ, ತಮ್ಮನ ಮಾಡ್ಯುಲರ್ ಖರ್ಚಿನ ಮೂರರಾಗ ಒಂದು ಪಾಲೂ ಆಗಲಿಲ್ಲ. ಹೊಸಾ ಫ್ಲಾಟಿನ್ಯಾಗ ಬಿಲ್ಡರು ಕಟ್ಟಿ ಅಷ್ಟ ಕೊಟ್ಟು ಕೆಳಗ ಖಾಲಿ ಬಿಟ್ಟಿದ್ರ ಆ ಮಾತು ಬ್ಯಾರೆ, ಅಲ್ಲೆ ಮಾಡ್ಯುಲರ್ ಮಾಡಸೂದ ಸರಿ.

ಟ್ರಾಲಿ ಸ್ಟೀಲ್ 304 ದರ್ಜೆದು ಕೇಳ್ರಿ. 202 ದರ್ಜೆ ಸೋವಿ, ಉಪ್ಪು, ಹುಣಸಿಹುಳಿ, ನೀರು ಕೂಡಿದ್ರ ತುಕ್ಕಿನ ಕಲಿ ಬೀಳ್ತಾವ. ದುಕಾನದಾರ ಮ್ಯಾಗ್ನೆಟ್ ಹಚ್ಚಿ ನೋಡ್ರಿ ಹಿಡಿಯೂದಿಲ್ಲ ಅಂತ ತೋರಸ್ತಾನ, 202ನೂ ಮ್ಯಾಗ್ನೆಟ್ ಹಿಡಿಯೂದಿಲ್ಲ, ಅದರಿಂದ ಏನೂ ಸಿದ್ಧ ಆಗೂದಿಲ್ಲ, ಬಿಲ್ಲಿನ ಮ್ಯಾಲೆ 304 ಅಂತ ಬರಸಿಗೊಳ್ರಿ.

ಖಣ ಕಟಗೀದ ಆದ್ರ ಏನು ಹಾಕಿಸಬೇಕು ಅನ್ನೂದರಾಗ ಭಾಳ ಮೋಸ ನಡೀತೈತಿ. ಪ್ಲೈವುಡ್‌ದಾಗ ಐಎಸ್ 303 ಅಂತ ಒಂದು ಭಾರತೀಯ ಮಾನಕ, ಅದರಾಗ ಎಂಆರ್ ಮತ್ತ ಬಿಡಬ್ಲ್ಯುಆರ್ ಎರಡು ದರ್ಜೆ, ಎಂಆರ್ ಬರೇ ಹವಾದ ಹಸಿ ತಡೀತೈತಿ, ನೀರಲ್ಲ, ಬಿಡಬ್ಲ್ಯುಆರ್ ನೀರನ್ನೂ ತಕ್ಕಮಟ್ಟಿಗೆ ತಡೀತೈತಿ. ಐಎಸ್ 710 ಅಂದ್ರ ಮರೀನ್ ಪ್ಲೈ, 72 ತಾಸು ಕುದಿಸಿದ್ರೂ ಪದರ ಬಿಡಬಾರದು ಅನ್ನೂದು ಅದರ ಪರೀಕ್ಷಾ. ಸಿಂಕಿನ ಖಣ, ಬಾಥ್‌ರೂಮಿನ ಹತ್ಯಾಕಿನ ಕಪಾಟು, ಇವಕ್ಕ 710 ಬೇಕು, ಬೆಡ್‌ರೂಮಿನ ಕಪಾಟಿಗೆ ಬಿಡಬ್ಲ್ಯುಆರ್ ಸಾಕು. ಎಚ್‌ಡಿಎಚ್‌ಎಂಆರ್ (ಗಟ್ಟಿಯಾಗಿ ಒತ್ತಿದ, ಹಸಿ ತಡಿಯೂ ಬೋರ್ಡು) ಪಲ್ಲೆಕ್ಕ ಚಲೋ, ಸಪಾಟ ಇರ್ತೈತಿ, ಬಣ್ಣಾ ಚಂದ ಕೂಡ್ತೈತಿ, ಆದ್ರ ಭಾರ ಭಾಳ. ಪಾರ್ಟಿಕಲ್ ಬೋರ್ಡ್ ಅಡಗಿಮನಿಗೆ ತರಬ್ಯಾಡ್ರಿ, ಒಮ್ಮೆ ನೀರು ಕುಡಿದ್ರ ಬಿಸ್ಕೀಟಿನಂಗ ಉಬ್ಬತೈತಿ, ಸ್ಕ್ರೂ ಹಿಡಿಯೂದಿಲ್ಲ. ತಮ್ಮನ ಕೊಟೇಶನ್ನಿನ್ಯಾಗ ಬರೇ ಇಂಜಿನಿಯರ್ಡ್ ವುಡ್ ಅಂತ ಇತ್ತು, ಅಂವಾ ಕೇಳಲಿಲ್ಲ, ಬಂದದ್ದು ಪಾರ್ಟಿಕಲ್ ಬೋರ್ಡು, ಸಿಂಕಿನ ಕೆಳಗಿನ ಖಣದ ಬುಡ ವರ್ಷ ತುಂಬೂದರಾಗ ಉಬ್ಬಿತು. ಕೊಟೇಶನ್ನಿನ್ಯಾಗ ಇಂಥಾ ಸ್ಪಷ್ಟ ಇಲ್ಲದ ಮಾತು ಕಂಡಲ್ಲೆಲ್ಲಾ ನಿಂದ್ರಿ, ಯಾವ ಬೋರ್ಡು, ಎಷ್ಟು ಎಂಎಂ, ಯಾವ ಐಎಸ್ ಅಂತ ಬರಸಿಗೊಳ್ರಿ. ಪ್ಲೈ ಮ್ಯಾಲೆ ಐಎಸ್‌ಐ ಗುರ್ತಿನ ಕೆಳಗ ಲೈಸೆನ್ಸ್ ನಂಬರ್ ಇರ್ತೈತಿ, ಬಿಐಎಸ್ ಕೇರ್ ಆ್ಯಪಿನ್ಯಾಗ ಹಾಕಿದ್ರ ಕಂಪನಿ ಹೆಸರು ಬರಬೇಕು, ಬರದಿದ್ರ ಶೀಟು ವಾಪಸ್ ಕಳಸ್ರಿ.

ಕಟ್ಟಿ ಮ್ಯಾಲಿನ ಕಲ್ಲು ಗ್ರಾನೈಟೋ ಕ್ವಾರ್ಟ್ಸೋ? ಕ್ವಾರ್ಟ್ಸ್ ಬೆಳ್ಳಗ ಚಂದ ಇರ್ತೈತಿ, ಕಲಿ ಹೀರೂದಿಲ್ಲ. ಆದ್ರ ಅದು ಕಲ್ಲಿನ ಪುಡಿಯನ್ನ ರೆಸಿನ್ ಅನ್ನೂ ಅಂಟಿನ್ಯಾಗ ಕೂಡಿಸಿ ಮಾಡಿದ್ದು, ಕಾದ ಹಂಚು ಒಲಿಮ್ಯಾಲಿಂದ ಇಳಿಸಿ ನೇರ ಇಟ್ರ ಕಂದು ಕಲಿ ಬೀಳ್ತೈತಿ, ಒಮ್ಮೊಮ್ಮೆ ಬಿರೀತೈತಿ. ನಮ್ಮ ಮನ್ಯಾಗ ದಿನಾ ಜ್ವಾಳದ ರೊಟ್ಟಿ, ಹಂಚು ಇಳಸ್ತೀವಿ ಏರಸ್ತೀವಿ, ರೊಟ್ಟಿ ಕಟ್ಟಿ ಮ್ಯಾಲೇ ಬಡೀತೀವಿ, ಗ್ರಾನೈಟ್ ಬಿಟ್ರ ಬ್ಯಾರೆ ವಿಚಾರನ ಮಾಡಲಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟಿನ ತುಂಡು ಸಿಕ್ಕಿದ್ರ ದೇವರಮನಿ ಕಟ್ಟಿಗೆ ಹಾಕಿಸಬೇಕು ಅಂತ ನನ್ನ ಮನಸಿನ್ಯಾಗಿತ್ತು, ಹುಡುಕಿ ಹಾಕಿಸಿದೆ, ದಿನಾ ದೀಪಾ ಹಚ್ಚೂವಾಗ ನೋಡಿದ್ರ ಜೀವಕ್ಕ ಸಮಾಧಾನ. ಬೆಳ್ಳನ ಗ್ರಾನೈಟ್ ಆದ್ರ ಸೀಲರ್ ಹಚ್ಚಸ್ರಿ, ಅರಿಷಿಣ ಹೀರ್ತೈತಿ, ಕಪ್ಪಿನದಕ್ಕ ಆ ಚಿಂತಿ ಇಲ್ಲ.

ಕಟ್ಟಿ ಎತ್ತರ ಮಿಸ್ತ್ರಿ ಕೇಳದ 34 ಇಂಚು ಇಡ್ತಾನ. ರೊಟ್ಟಿ ಬಡಿಯೂವವರಿಗೆ ಅದು ಎತ್ತರ, ಭುಜಾ ಹಿಡೀತಾವ. ಯಾರು ದಿನಾ ಅಡಗಿ ಮಾಡ್ತಾರೋ ಅವರನ್ನ ನಿಲ್ಲಿಸಿ, ಮುಂದ ಟೇಬಲ್ ಇಟ್ಟು, ಕೈ ಬಡದು ನೋಡಿ ಅಳತಿ ತಗೋರಿ. ನನಗ 31 ಇಂಚು ಸರಿ ಆತು. ಇದನ್ನ ಆಮ್ಯಾಲೆ ಬದಲಿ ಮಾಡಾಕ ಆಗೂದಿಲ್ಲ.

ಯಾರ ಕೈಯಾಗ ಕೊಡೂದು

ಮೂರು ದಾರಿ ಅದಾವ. ಒಂದು, ಮಜೂರಿ ರೇಟು, ಮಾಲು ನಾವ ತರೂದು. ಎರಡು, ಕಾಂಟ್ರ್ಯಾಕ್ಟರ್‌ಗೆ ಮಾಲಿನ ಸಹಿತ ಕೊಡೂದು. ಮೂರು, ಇಂಟೀರಿಯರ್ ಕಂಪನಿ, ಥ್ರೀ ಡಿ ಚಿತ್ರಾ ತೋರಿಸಿ ಎಲ್ಲಾ ಅವರ ಮಾಡೂದು.

ಮಜೂರಿ ರೇಟಿನ್ಯಾಗ ಮಾಲು ನಂಬಿಗಿದು, ಖರ್ಚು ಕಡಿಮಿ, ಆದ್ರ ನಿಮ್ಮ ಹೊತ್ತು ಹೋಗ್ತೈತಿ. ನಾ ಎರಡು ತಿಂಗಳು ಶನಿವಾರ ಅನ್ನೂದ ಕಾಣಲಿಲ್ಲ, ಪ್ಲೈಗೆ ಭವಾನಿ ಪೇಟೆ ಟಿಂಬರ್ ಮಾರ್ಕೆಟ್, ಹಿಡಕಿ ಬಿಜಾಗ್ರಿಗೆ ಬೋಹರಿ ಆಳಿ, ವಾಯರು ಲೈಟಿಗೆ ತಪಕೀರ ಗಲ್ಲಿ, ಒಂದು ಡಬ್ಬಿ ಸ್ಕ್ರೂ ಕಡಿಮಿ ಬಿದ್ರ ಸುತಾರ ಕೈಕಟ್ಟಿ ಕೂಡ್ತಿದ್ದ, ನಾ ಆಫೀಸಿನಿಂದ ಓಡ್ತಿದ್ದೆ. ಮನ್ಯಾಗ ಒಬ್ರು ದಿನಾ ಸೈಟಿಗೆ ಹೋಗಿ ನಿಲ್ಲೂ ಹಂಗಿದ್ರ ಮಾತ್ರ ಈ ದಾರಿ. ಗಂಡ ಹೆಂಡತಿ ಇಬ್ರೂ ಹಿಂಜವಡಿ ಕಡಿ ಐಟಿ ಕೆಲ್ಸದಾಗಿದ್ರ, ಊರಿಂದ ಯಾರೂ ಬರೂವವರು ಇಲ್ಲದಿದ್ರ ಇದನ್ನ ಹಿಡೀಬ್ಯಾಡ್ರಿ.

ಕಂಪನಿ ಲಾಭ ಏನಂದ್ರ ಫ್ಯಾಕ್ಟರಿಯೊಳಗ ಕೊಯ್ದು ತಂದು ಕೂಡಸ್ತಾರ, ಮನ್ಯಾಗ ಧೂಳು ಕಡಿಮಿ, ಅಂಚು ಮಶೀನಿಂದು, ಸುತಾರನ ಕೈಗಿಂತ ಸಾಫ. ಕಪಾಟಿನ ಕೆಲ್ಸಕ್ಕ ಅದು ಚಲೋನ ಐತಿ, ನಾ ಸುಳ್ಳ ಹೇಳಂಗಿಲ್ಲ, ತಮ್ಮನ ಬೆಡ್‌ರೂಮ್ ಕಪಾಟು ನಮ್ಮ ಸುತಾರ ಮಾಡಿದ ಅಡಗಿಮನಿ ಪಲ್ಲೆಗಿಂತ ನೀಟ ಅದಾವ. ಆದ್ರ ಪ್ಲಂಬಿಂಗು, ಸಿವಿಲ್ ಕೆಲ್ಸ ಅವರ ಕೈ ಕೆಳಗಿನ ಬ್ಯಾರೆ ಮಂದಿಗೆ ಕೊಡ್ತಾರ, ಅದರ ಮ್ಯಾಲೆ ಅವರ ಕಣ್ಣು ಇರೂದಿಲ್ಲ. ಮತ್ತ ಕೊಟೇಶನ್ ನೋಡೂವಾಗ 18 ಪರ್ಸೆಂಟ್ ಜಿಎಸ್‌ಟಿ ಒಳಗ ಐತೋ ಹೊರಗ ಐತೋ ಕೇಳ್ರಿ, ಹತ್ತು ಲಕ್ಷದ ಕೆಲಸಕ್ಕ ಅದ 1,80,000 ಆಗ್ತೈತಿ.

ನನ್ನ ಸಲಹಾ, ಕೆಲ್ಸ ಒಡದು ಕೊಡ್ರಿ. ನೀರು, ಗ್ವಾಡಿ, ಫರಸಿ ಕೆಲಸಕ್ಕ ನಿಮ್ಮ ಓಣಿಯೊಳಗ ಐದಾರು ವರ್ಷದಿಂದ ಇರೂ ಕಾಂಟ್ರ್ಯಾಕ್ಟರ್, ಅವ ಮೊದ್ಲ ಮಾಡಿದ ಮನಿ, ಅದೂ ಎರಡು ಮಳಿಗಾಲ ದಾಟಿದ ಮನಿ, ಹೋಗಿ ನೋಡಿ ಬರ್ರಿ. ಕಪಾಟು, ಕಿಚನ್ ಪಲ್ಲೆ ಆಮ್ಯಾಲೆ ಕಂಪನೀಗೋ ಸುತಾರಗೋ ಕೊಡ್ರಿ. ಅಡ್ವಾನ್ಸ್ ಹತ್ತರಾಗ ಒಂದೆರಡು ಪಾಲಿಗಿಂತ ಹೆಚ್ಚು ಕೊಡಬ್ಯಾಡ್ರಿ, ಒಂದೊಂದ ಕೆಲ್ಸ ಮುಗಿದಂಗ ಕಂತು, ಕಡೀ ಕಂತು ಒಂದು ತಿಂಗಳು ಮನ್ಯಾಗ ಇದ್ದು ನೋಡಿದ ಮ್ಯಾಲೆ. ರಾಡಾರೋಡಾ ಒಯ್ಯೂ ಖರ್ಚು ಯಾರದು ಅನ್ನೂದೂ ಬರಸ್ರಿ, ನಮ್ಮಲ್ಲೆ ಅದ ಒಂದು ದೊಡ್ಡ ವಾದ ಆತು.

ವಾಯರು, ಬಣ್ಣಾ, ಪಿಓಪಿ

ಲೈಟಿಗೆ 1.5 ಸ್ಕ್ವೇರ್ ಎಂಎಂ, ಫ್ರಿಜ್ಜು ಮಿಕ್ಸರ್ ಪಾಯಿಂಟಿಗೆ 2.5, ಎಸಿ ಗೀಸರಿಗೆ 4. ಎಸಿಗೆ, ಗೀಸರಿಗೆ ಒಂದೊಂದಕ್ಕ ಬ್ಯಾರೆ ಲೈನು, ಬ್ಯಾರೆ ಎಂಸಿಬಿ (ಲೋಡ್ ಹೆಚ್ಚಾದ್ರ ತಾನ ಬಂದ್ ಆಗೂ ಸ್ವಿಚ್ಚು). 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಬಂದ್ ಆಗೂ ಸ್ವಿಚ್ಚು) ಹಾಕಿಸಿದ್ರೇನು ಅಂತ ಕೇಳ್ರಿ, ಎಂಸಿಬಿ ವಾಯರ್ ಉಳಸ್ತೈತಿ, ಆರ್‌ಸಿಸಿಬಿ ಮನಶ್ಯಾನ್ನ ಉಳಸ್ತೈತಿ. ಸಣ್ಣ ಮಕ್ಕಳಿರೂ ಮನ್ಯಾಗ ಇದನ್ನ ಬಿಡಬ್ಯಾಡ್ರಿ. ಝಿರಿ ಮುಚ್ಚೂ ಮೊದ್ಲ ಒಂದೊಂದ ಗ್ವಾಡಿದು ಅಳತಿ ಪಟ್ಟಿ ಹಿಡದು ಫೋಟೋ ತಗದು ಇಟ್ಟಗೋರಿ, ಮುಂದ ಕಪಾಟಿಗೆ ಡ್ರಿಲ್ ಹೊಡಿಯೂವಾಗ ಪೈಪು ಎಲ್ಲೆ ಐತಿ, ವಾಯರು ಎಲ್ಲೆ ಐತಿ ಕಾಣ್ತೈತಿ. ನಮಗ ಎರಡು ಸಲ ಉಪಯೋಗ ಬಂತು.

ಹಳೇ ಮನಿ ಬಣ್ಣಾ ಕೆರಸೂವಾಗ ಸಣ್ಣ ಮಕ್ಕಳನ್ನ ಕರಕೊಂಡು ಹೋಗಬ್ಯಾಡ್ರಿ, ಮನಿ ಬಣ್ಣದಾಗ ಸೀಸ 90 ಪಿಪಿಎಂ ಮೀರಬಾರದು ಅನ್ನೂ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನ್ಯಾಗ, ಅದಕ್ಕಿಂತ ಹಳೇ ಆಯಿಲ್ ಪೇಂಟಿನ ಬಾಗಲಾ, ಗ್ರಿಲ್ ತಿಕ್ಕಿದ್ರ ಆ ಧೂಳಿನ್ಯಾಗ ಸೀಸ ಇರಬಹುದು. ಹೊಸಾ ಗಿಲಾವ ಮಾಡಿಸಿದ್ದ ಗ್ವಾಡಿಗೆ ತಿಂಗಳಾದ್ರೂ ಒಣಗಾಕ ಬಿಟ್ಟು ಬಣ್ಣಾ ಹಚ್ಚಸ್ರಿ. ಪಿಓಪಿ ಫಾಲ್ಸ್ ಸೀಲಿಂಗ್ (ಛತ್ತಿನ ಕೆಳಗ ಹಾಕೂ ಪ್ಲಾಸ್ಟರಿನ ತೋರಿಕಿ ಛತ್ತು) ನಾವು ಮಾಡಸಲಿಲ್ಲ, ಇದ್ದ ಎತ್ತರದಾಗ ಅರ್ಧ ಫೂಟು ಹೋಗ್ತೈತಿ, ಮ್ಯಾಲಿನ ಮನಿಯವರದು ಸೋರಿದ್ರ ಎಲ್ಲಿಂದ ಅಂತ ತಿಳಿಯೂದಿಲ್ಲ. ಅದರಾಗ ಉಳದ ರೊಕ್ಕ ಮೊದ್ಲ ಹೊರಗಿನ ಬಾಥ್‌ರೂಮ್ ಒಡಸಾಕ ಹಾಕಿದ್ದಿದ್ರ ಕಾಕೂ ಮನಿ ಛತ್ತು ಹಾಳಾಗ್ತಿರಲಿಲ್ಲ ಅಂತ ಕೇಳಿದವರಿಗೆಲ್ಲಾ ಹೇಳ್ತೀನಿ.

ಕೆಲ್ಸದ ಮಂದಿ ಎಲ್ಲಾ ಹೋದ ದಿನಾ ಮುಖ್ಯ ಬಾಗಲದ ಲಾಕ್ ಬದಲಾಯಿಸ್ರಿ, ಎರಡು ತಿಂಗಳು ಆ ಕೀಲಿ ಯಾರ್ಯಾರ ಕೈಯಾಗ ಹೋಗಿ ಬಂದಿರ್ತೈತಿ ನಮಗೇನೂ ಗೊತ್ತಿರೂದಿಲ್ಲ. ನಮ್ಮ ಕಪಾಟಿನ ಅಳತಿ ತಗೊಂಡು ಹೋಗಾಕ ಹೋದ ವಾರ ಸುತಾರ ಬಂದಿದ್ದ, ಮನಿಗೆ ಬಂದು ಎಂಟು ತಿಂಗಳಾದ ಮ್ಯಾಲೆ, ಈಗ ನಮಗ ಯಾವ ಗ್ವಾಡಿಗೆ ಬಿಸಲು ಬೀಳ್ತೈತಿ, ಅತ್ತಿಯವರ ಕೈ ಎಲ್ಲಿ ತನಕ ಮುಟ್ಟತೈತಿ, ಹಾಸಿಗಿ ಯಾವ ಕಡಿ ಸರಿ ಅನ್ನೂದೆಲ್ಲಾ ಗೊತ್ತ ಐತಿ, ಮೊದ್ಲ ಹಾಕಿದ್ದ ನಕ್ಷಾದಾಗಿನ ಎರಡು ಕಪಾಟು ಬ್ಯಾಡ ಅಂತ ತಗಸಿಬಿಟ್ವಿ.